ತಂದವರು: ನಮ್ಮನೆಯವರು

"ಎಡಕ್ಕೆ ತಿರುಗ್ಸಿ... ಇನ್ನೂ ಸ್ವಲ್ಪ... ಅಯ್ಯೋ, ಗೋಡೆ ನೋಡ್ಕೊಳ್ರಪ್ಪಾ!"

ಶವಪೆಟ್ಟಿಗೆ ಹೊತ್ತು ಬಂದ ನಾಲ್ವರು ಹೊಸ್ತಿಲಲ್ಲೇ ಸಿಕ್ಕಿಕೊಂಡಿದ್ದರು. ಪೆಟ್ಟಿಗೆಯ ಅರ್ಧ ಮನೆಯೊಳಗಿತ್ತು, ಇನ್ನರ್ಧ ಮೆಟ್ಟಿಲ ಮೇಲೆ. ಮುಂದಿನ ಕೋಣೆಯಲ್ಲಿ ನಿಂತಿದ್ದ ಗಾಜಿನ ಬೀರು ತಿರುವಿಗೆ ಅಡ್ಡವಾಗಿತ್ತು. ಅಳಿಯ ಹೆಗಲು ಕೊಟ್ಟು ಒಮ್ಮೆ ನೂಕಿದ. ಬೀರು ಅಲುಗಲಿಲ್ಲ.

"ಏನು ಭಾರ ಮಾವ! ಒಳಗೇನು ಕಲ್ಲಿಟ್ಟಿದ್ದೀರಾ?" ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಬೀರುವಿನಲ್ಲಿ ಇದ್ದದ್ದು ಕಲ್ಲೇ.

"ಸರಿ, ಇರಿ. ನಾನೇ ತೆಗೀತೀನಿ," ಎಂದು ಸತ್ತವಳ ಗಂಡ ಕುರ್ಚಿಯಿಂದ ಎದ್ದ.

ಆತನಿಗೆ ಅರವತ್ತನಾಲ್ಕು. ಮೂವತ್ತನಾಲ್ಕು ವರ್ಷ ಊರ ಹೊರಗಿನ ಜಲ್ಲಿ ಕ್ರಷರಿನಲ್ಲಿ ಯಂತ್ರ ನಡೆಸಿದವನು. ಯಂತ್ರದ ಸದ್ದಿಗೆ ಎಡಗಿವಿ ಅಲ್ಲೇ ಕಿವುಡಾಗಿತ್ತು. ಅಂಗಳದಲ್ಲಿ ಹಳೆ ಪತ್ರಿಕೆ ಹಾಸಿ, ಒಂದೊಂದೇ ಕಲ್ಲನ್ನು ತಂದು ಸಾಲಾಗಿ ಇಡತೊಡಗಿದ. ಬಂದವರು ಸಹಾಯಕ್ಕೆ ಕೈಚಾಚಿದರೆ ತಲೆಯಾಡಿಸಿದ. ಪ್ರತಿಯೊಂದು ಕಲ್ಲಿನ ತಳದಲ್ಲಿ ಅವಳು ಬಿಳಿ ಬಣ್ಣದ ಚುಕ್ಕಿ ಇಟ್ಟು ಅದರ ಮೇಲೆ ಒಂದು ಸಂಖ್ಯೆ ಬರೆದಿದ್ದಳು. ಸಂಖ್ಯೆಯ ಅರ್ಥ ಆತನಿಗೆ ಗೊತ್ತಿರಲಿಲ್ಲ. ಕಲ್ಲು ಮಾತ್ರ ಗೊತ್ತಿತ್ತು. ಇದು ಮಗಳು ಹುಟ್ಟಿದ ವರ್ಷದ್ದು. ಇದು ಯಂತ್ರದ ಬೆಲ್ಟು ಹರಿದ ದಿನದ್ದು. ಇದನ್ನು ಹಿಡಿಯಹೋಗಿಯೇ ಹೆಬ್ಬೆರಳಿನ ಉಗುರು ಹೋದದ್ದು.

ಪಕ್ಕದ ಮನೆಯ ಅಜ್ಜಿ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದವಳು ಸುಮ್ಮನಿರಲಾರದೆ ಹೇಳಿಬಿಟ್ಟಳು. "ಪುಣ್ಯಾತ್ಗಿತ್ತಿ! ಹೋಗೋ ದಿನಾನೂ ಗಂಡನ ಕೈಲಿ ಕಲ್ಲು ಹೊರಿಸ್ತಿದಾಳೆ ನೋಡಿ."

ಯಾರೋ ಕಿಸಕ್ಕೆಂದರು. ಆತನಿಗೂ ನಗು ಬಂತು. ನಗುತ್ತಲೇ ಒಳಗೆ ತಿರುಗಿ, ಇದನ್ನು ಅವಳಿಗೆ ಹೇಳಬೇಕು ಅಂದುಕೊಂಡ. ಎರಡು ಹೆಜ್ಜೆ ಇಟ್ಟ ಮೇಲೆ ಕಾಲು ನಿಂತಿತು.

*

ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದಳು: "ಅಲ್ಲಾ ರೀ, ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀರಿ. ಅಲ್ಲಿ ಏನು ಮಾಡ್ತೀರಿ ಅಂತ ಒಂದಿನಾನೂ ಹೇಳಿಲ್ವಲ್ಲ?"

"ಹೇಳೋಕೇನಿದೆ? ದೊಡ್ಡ ಕಲ್ಲನ್ನ ಚಿಕ್ಕ ಕಲ್ಲು ಮಾಡ್ತೀನಿ."

"ಅಷ್ಟೇನಾ?"

"ಅಷ್ಟೇ. ನಂಬಿಕೆ ಇಲ್ದಿದ್ರೆ ನಾಳೆ ತಂದು ತೋರಿಸ್ತೀನಿ."

ಮರುದಿನ ತಮಾಷೆಗೆಂದೇ ಊಟದ ಡಬ್ಬಿಯಲ್ಲಿ ಒಂದು ಕಲ್ಲು ಹಾಕಿಕೊಂಡು ಬಂದ. ಅವಳು ಡಬ್ಬಿ ತೊಳೆಯಲು ಹೋದವಳು ಎಷ್ಟು ಹೊತ್ತಾದರೂ ಬಚ್ಚಲಿನಿಂದ ಈಚೆ ಬರಲಿಲ್ಲ. ಹೋಗಿ ನೋಡಿದರೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲನ್ನು ಉಜ್ಜುತ್ತ ಕುಕ್ಕರಗಾಲಲ್ಲಿ ಕೂತಿದ್ದಳು. ಧೂಳು ತೊಳೆದುಹೋದ ಕಡೆ, ಕರಿಕಲ್ಲಿನ ಒಂದು ಗುಳಿಯಲ್ಲಿ, ಎಳೆ ಹಸಿರಿನ ಹರಳಿನ ಸೂಜಿಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿದ್ದವು.

"ಇದನ್ನ ಪುಡಿ ಮಾಡ್ತೀರಾ ನೀವು?" ಎಂದಳು. ಬೈಗುಳವೂ ಅಲ್ಲದ, ಪ್ರಶ್ನೆಯೂ ಅಲ್ಲದ ದನಿ.

ಅಂದಿನಿಂದ ಆತನ ಕಣ್ಣು ಬದಲಾಯಿತು. ಯಂತ್ರದ ದವಡೆಯ ಕಡೆಗೆ ಕಲ್ಲುಗಳು ಸಾಗಿಹೋಗುವಾಗ ಏನಾದರೂ ಮಿಂಚಿದರೆ ಕೈ ಹಾಕಿ ಎತ್ತಿಕೊಳ್ಳುತ್ತಿದ್ದ. ಜೊತೆಯವರು "ಇವನಿಗೆ ಹೆಂಡ್ತಿ ಊಟಕ್ಕೆ ಕಲ್ಲೇ ಹಾಕ್ತಾಳೆ ಅಂತ ಕಾಣತ್ತೆ, ಮನೆಗೂ ಹೊತ್ಕೊಂಡು ಹೋಗ್ತಾನೆ" ಎಂದು ಆಡಿಕೊಳ್ಳುತ್ತಿದ್ದರು. ಸಂಜೆ ಡಬ್ಬಿ ತೆರೆಯುವಾಗ ಅವಳ ಮುಖ ಹೇಗಾಗುತ್ತಿತ್ತು ಎಂಬುದು ಅವರಿಗೇನು ಗೊತ್ತು.

ಮುಂದೆ ಅವಳಿಗೆ ಶಾಲೆಯ ವಿಜ್ಞಾನದ ಪ್ರಯೋಗಶಾಲೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಅಲ್ಲಿ ಯಾರೋ ಹೇಳಿದರಂತೆ, ಊರಲ್ಲಿ ಕಲ್ಲು ಕೂಡಿಸುವವರದ್ದೇ ಒಂದು ಸಂಘ ಇದೆ, ತಿಂಗಳ ಎರಡನೇ ಭಾನುವಾರ ವಾಚನಾಲಯದ ಮಹಡಿಯಲ್ಲಿ ಸೇರುತ್ತಾರೆ ಎಂದು. ಇಪ್ಪತ್ತೆರಡು ವರ್ಷ ಅವಳು ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, ಚಪ್ಪಲಿ ಮೆಟ್ಟುತ್ತ, ತಪ್ಪದೆ ಕೇಳುವಳು: "ಬರ್ತೀರಾ?"

"ನೀನು ಹೋಗ್ಬಾ."

ಓದಿದವರ ನಡುವೆ ತನಗೇನು ಕೆಲಸ? ಅವರು ಕಲ್ಲಿಗೆ ಹೆಸರಿಡುವವರು. ತಾನು ಕಲ್ಲಿನ ಹೆಸರು ಅಳಿಸುವವನು. ನಿವೃತ್ತನಾದ ಮೇಲೂ ಆರು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಸಂಜೆ ವಾಪಸ್ಸು ಬಂದು, ಆತನ ಬಲಗಡೆಗೆ ಕುರ್ಚಿ ಎಳೆದುಕೊಂಡು, ಅಲ್ಲಿ ಆದದ್ದನ್ನೆಲ್ಲ ಹೇಳುವಳು. ಆ ಮಾತು ಕೇಳುವುದಕ್ಕಾದರೂ ತಾನು ಮನೆಯಲ್ಲೇ ಉಳಿಯುವುದು ಮೇಲು ಎಂದು ಆತನಿಗೆ ಅನಿಸುತ್ತಿತ್ತು.

ಮೊನ್ನೆ ಶುಕ್ರವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟವಳು ಎದೆ ಹಿಡಿದುಕೊಂಡು ಕೂತಳು. ಹಾಲು ಉಕ್ಕುವ ಮೊದಲೇ ಮುಗಿದುಹೋಗಿತ್ತು.

*

ಹತ್ತೂವರೆಗೆ ಸಂಘದವರು ಬಂದರು. ಮೂವರು. ಮುಂದಿದ್ದವರು ಕಾರ್ಯದರ್ಶಿ, ಒಂದು ಕಾಲಕ್ಕೆ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಕಡ್ಡಿಯಂಥ ಆಳು, ಜೇಬಿನಲ್ಲಿ ಸದಾ ಚೂಪಾದ ಪೆನ್ಸಿಲ್. ಹಿಂದೆ ಕನ್ನಡಕದಂಗಡಿಯವರು, ದೊಡ್ಡ ಹೊಟ್ಟೆ, ದೊಡ್ಡ ದನಿ. ಇವತ್ತು ದನಿ ಎಲ್ಲೋ ಬಿಟ್ಟು ಬಂದಿದ್ದರು. ಕೊನೆಯಲ್ಲಿ, ಹೂಗುಚ್ಛ ಹಿಡಿದುಕೊಂಡು, ಹಲ್ಲಿನ ಡಾಕ್ಟರಮ್ಮ. ಸಂಘಕ್ಕೆ ಸೇರಿ ಎರಡು ವರ್ಷವಾಗಿದ್ದ, ಎಲ್ಲರಿಗಿಂತ ಚಿಕ್ಕವಳು.

ಡಾಕ್ಟರಮ್ಮ ಪೆಟ್ಟಿಗೆಯ ಬಳಿ ನಿಂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಆತನ ಮುಂದೆ ಬಂದು ಕೇಳಿದಳು. "ನೀವೇ ಅಲ್ವಾ ನಮ್ಮನೆಯವರು?"

ಸುತ್ತ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ತಲೆಯೆತ್ತಿದರು. ಪಕ್ಕದ ಮನೆಯ ಅಜ್ಜಿಯ ಹುಬ್ಬು ಹಣೆಯ ಮೇಲಕ್ಕೆ ಹೋಯಿತು.

"ಅಯ್ಯೋ, ಹಾಗಲ್ಲ!" ಡಾಕ್ಟರಮ್ಮನ ಮುಖ ಕೆಂಪಾಯಿತು. "ನಾವೆಲ್ಲ ಕಲ್ಲಿನ ಜೊತೆ ಒಂದು ಚೀಟಿ ಇಡ್ತೀವಿ. ಕಲ್ಲಿನ ತಳದಲ್ಲಿರೋ ಸಂಖ್ಯೆ, ಹೆಸರು, ಸಿಕ್ಕ ಜಾಗ, ತಾರೀಕು, ತಂದವರು ಯಾರು ಅಂತ. ಅಕ್ಕನ ಚೀಟಿಗಳಲ್ಲೆಲ್ಲ 'ತಂದವರು: ನಮ್ಮನೆಯವರು' ಅಂತಲೇ ಇರತ್ತೆ. ನಾನು ಮೊದ್ಲು ಅದು ಯಾವ್ದೋ ಊರಿನ ಮನೆತನದ ಹೆಸರು ಅಂದ್ಕೊಂಡಿದ್ದೆ. ಈಗ ನಮ್ಮಲ್ಲಿ ಎಲ್ರೂ ನಿಮ್ಮನ್ನ ಹಾಗೇ ಕರೆಯೋದು. 'ಈ ಸಲ ಬೀರುವಿಂದ ನಮ್ಮನೆಯವರ ಯಾವ ಕಲ್ಲು ತಂದ್ರಿ?' ಅಂತ ಅಕ್ಕನ್ನ ಕೇಳ್ತಿದ್ವಿ."

"ನನ್ನ... ನಿಮಗೆ ಗೊತ್ತಾ?"

"ಗೊತ್ತಾ ಅಂದ್ರೆ?" ಕಾರ್ಯದರ್ಶಿ ಮೆಲ್ಲಗೆ ಹೇಳಿದರು. "ನಿಮ್ಮ ಎಡಗಿವಿ ಕೇಳಲ್ಲ ಅಂತಾನೂ ಗೊತ್ತು. ಅದಕ್ಕೇ ಈ ಕಡೆ ಬಂದು ನಿಂತಿದೀನಿ."

ಆತ ನೋಡಿದ. ಹೌದು, ಅವರು ಬಲಗಡೆಗೇ ನಿಂತಿದ್ದರು.

*

ಸ್ಮಶಾನದಲ್ಲಿ ಗುಂಡಿ ಆಗಲೇ ಸಿದ್ಧವಾಗಿತ್ತು. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರೆ, ಸಂಘದ ಮೂವರು ತಲೆ ತಗ್ಗಿಸಿದ್ದು ಬೇರೆ ಕಾರಣಕ್ಕೆ.

"ಮೇಲೆ ಒಂದಡಿ ಕಪ್ಪುಮಣ್ಣು," ಕನ್ನಡಕದಂಗಡಿಯವರು ಪಿಸುಗುಟ್ಟಿದರು. "ಕೆಳಗೆ ನೋಡಿ, ಸುಣ್ಣಕಲ್ಲಿನ ಗಂಟು."

"ಶ್! ಜಾಗ ಯಾವ್ದು, ಹೊತ್ತು ಯಾವ್ದು!" ಕಾರ್ಯದರ್ಶಿ ಗದರಿದರು. ಒಂದು ಕ್ಷಣ ಬಿಟ್ಟು ತಾವೂ ಬಗ್ಗಿ ನೋಡಿ, "ಗಂಟಲ್ಲ, ಪದರ," ಎಂದರು.

ಮಗಳು ಅವರನ್ನು ದುರುಗುಟ್ಟಿ ನೋಡಿದಳು. ಆತನಿಗೆ ಸಿಟ್ಟು ಬರಲಿಲ್ಲ. ಇದ್ದಿದ್ದರೆ ಅವಳೇ ಎಲ್ಲರಿಗಿಂತ ಮುಂಚೆ ಬಗ್ಗುತ್ತಿದ್ದಳು. ಆತನೂ ಗುಂಡಿಯೊಳಗೆ ನೋಡಿದ. ಅಗೆದ ಗೋಡೆ, ತಂಪು, ಹಸಿ ಮಣ್ಣಿನ ವಾಸನೆ. ಹದಿನೆಂಟು ವರ್ಷದಿಂದ ಎದೆಯಲ್ಲಿ ಕಲ್ಲಿನಂತೆ ಕೂತಿದ್ದ ಒಂದು ಮಧ್ಯಾಹ್ನ ಅಲ್ಲಿಂದ ಮೇಲೆದ್ದು ಬಂತು.

*

ಅಂದು ಮೂರು ಗಂಟೆಗೆ ಯಂತ್ರ ನಿಲ್ಲಿಸಿ ಬಾ ಎಂದು ಕೈಸನ್ನೆ ಮಾಡಿದವನು ಬಂಡೆಗೆ ಸಿಡಿಮದ್ದು ಇಡುವವನು. "ಬಾ ಮಾರಾಯ, ನಿನ್ನ ಹೆಂಡ್ತಿ ಸಾಮಾನು ಒಂದು ಸಿಕ್ಕಿದೆ," ಎಂದು ಕ್ರಷರಿನ ಪಕ್ಕದ ಕಲ್ಲುಗಣಿಯ ಗೋಡೆಯ ಬುಡಕ್ಕೆ ಕರೆದೊಯ್ದ. ಕರಿಬಂಡೆಯಲ್ಲಿ ಒಬ್ಬ ಆಳು ನುಸುಳುವಷ್ಟು ಬಿರುಕು. ಟಾರ್ಚ್ ಹಿಡಿದು ಆತ ಬಾಗಿ ಒಳಗೆ ಹೋದ.

ಒಳಗೆ ಗವಿ. ಬೆಳಕು ಬಿದ್ದ ಕಡೆಯೆಲ್ಲ ಗೋಡೆ ಉರಿಯಿತು. ಬುಡದಲ್ಲಿ ನೇರಳೆ, ಮೇಲಕ್ಕೆ ಹೋದಂತೆ ತಿಳಿ, ತುದಿಯಲ್ಲಿ ನೀರಿನಷ್ಟು ಸ್ವಚ್ಛ. ಬೆರಳುದ್ದದ, ಗೇಣುದ್ದದ ಸ್ಫಟಿಕಗಳು, ಎಡ ಬಲ ತಲೆಯ ಮೇಲೆ, ಎಲ್ಲಿ ನೋಡಿದರೂ. ಕಾಲಿಟ್ಟರೆ ಏನಾದರೂ ಮುರಿದೀತೆಂದು ಆತ ಉಸಿರು ಬಿಗಿಹಿಡಿದು ಬಾಗಿ ನಿಂತ. ನೆಲದಡಿ ಎಷ್ಟು ಲಕ್ಷ ವರ್ಷದಿಂದಲೋ ಕತ್ತಲಲ್ಲಿ ಕೂತಿದ್ದದ್ದರೊಳಗೆ ಮೊದಲು ಹೊಕ್ಕ ಮನುಷ್ಯ ತಾನು. ಮೊದಲು ಬಂದ ಯೋಚನೆ: ಇದನ್ನು ಅವಳು ನೋಡಬೇಕು.

"ನಾಳೆ ಬೆಳಿಗ್ಗೆ ಆರಕ್ಕೆ ಈ ಬಂಡೆ ಹಾರಿಸೋದು. ಮದ್ದಿಗೆ ರಂಧ್ರ ಎಲ್ಲ ಹೊಡ್ದಾಗಿದೆ," ಎಂದ ಮದ್ದಿನವನು. "ಇವತ್ತು ಸಂಜೆ ಐದೂವರೆ ತನಕ ನಾನಿಲ್ಲೇ ಇರ್ತೀನಿ. ಕರ್ಕೊಂಡು ಬಾ."

ಸೈಕಲ್ ಹತ್ತಿದ. ಶಾಲೆಗೆ ಆರು ಕಿಲೋಮೀಟರ್. ಅಷ್ಟು ದೂರವನ್ನೂ ನಿಂತುಕೊಂಡೇ ತುಳಿದ. ಗೇಟಿನ ಬಳಿ ಇಳಿದು ನೋಡಿದರೆ, ಮೈದಾನದಲ್ಲಿ ಮೇಜು ಹಾಕಿ ಕಲ್ಲುಗಳನ್ನು ಜೋಡಿಸಿದ್ದರು. ಸಂಘದವರು ಮಕ್ಕಳಿಗೆ ಏನೋ ತೋರಿಸುವ ದಿನ. ನೂರು ಮಕ್ಕಳು, ಮೇಷ್ಟ್ರುಗಳು, ಇಸ್ತ್ರಿ ಬಟ್ಟೆಯ ಗಣ್ಯರು. ನಡುವೆ ಅವಳು ನಿಂತು ಮಾತಾಡುತ್ತಿದ್ದಳು. ಮನೆಯಲ್ಲಿ ಎಂದೂ ಕೇಳದ ದನಿ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಆತ ತನ್ನನ್ನು ನೋಡಿಕೊಂಡ. ಅಡಿಯಿಂದ ಮುಡಿಯವರೆಗೆ ಕಲ್ಲುಪುಡಿ. ಬೆವರು ಹರಿದ ಕಡೆ ಗೆರೆ. ಗೇಟಿನ ಹತ್ತಿರವಿದ್ದ ಇಬ್ಬರು ಹುಡುಗಿಯರು ಹಿಟ್ಟಿನ ಚೀಲ ನಡೆದು ಬಂದಂತಿದೆ ಎಂದು ನಕ್ಕರು. ಕೆಟ್ಟ ನಗುವೇನಲ್ಲ, ಮಕ್ಕಳ ನಗು. ಆದರೂ ಆತ ಸೈಕಲ್ ತಿರುಗಿಸಿದ. ಕಾರ್ಯಕ್ರಮ ಮುಗಿಯಲಿ, ಮನೆಗೆ ಬಂದ ಕೂಡಲೇ ಕರೆದುಕೊಂಡು ಹೋಗುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಅವಳು ಮನೆಗೆ ಬಂದಾಗ ಆರು ದಾಟಿತ್ತು. ಗಣಿಯ ಗೇಟಿಗೆ ಬೀಗ ಬಿದ್ದಿತ್ತು.

"ಯಾಕೆ ರೀ, ಮುಖ ಸಪ್ಪಗಿದೆ?" ಎಂದು ಕೇಳಿದಳು.

"ಏನಿಲ್ಲ, ಬಿಸಿಲು."

ಮರುದಿನ ಗವಿ ಚೂರುಚೂರಾಗಿ ಯಂತ್ರಕ್ಕೆ ಬಂತು. ಸಂಜೆಯವರೆಗೆ ದವಡೆಗಳು ಅಗಿದವು. ಒಮ್ಮೆ ಯಂತ್ರ ನಿಲ್ಲಿಸಿ ಮುಷ್ಟಿಗಾತ್ರದ ಒಂದು ತುಂಡನ್ನು ಎತ್ತಿಕೊಂಡ. ಕೊಟ್ಟರೆ ಎಲ್ಲವನ್ನೂ ಹೇಳಬೇಕು. ಗೇಟಿನವರೆಗೆ ಬಂದದ್ದನ್ನು, ತಿರುಗಿ ಹೋದದ್ದನ್ನು. ತುಂಡನ್ನು ಮತ್ತೆ ಒಳಗೆ ಬಿಟ್ಟ. ಆ ದಿನದ ಜಲ್ಲಿ ನೇರಳೆ ಛಾಯೆಯದಾಗಿ ಹೊರಬಂದು ಲಾರಿ ಹತ್ತಿ ಯಾವ ರಸ್ತೆಗೋ ಹೋಯಿತು.

*

ಮಣ್ಣು ಮುಚ್ಚಿ ಎಲ್ಲ ಮುಗಿದಾಗ ಒಂದು ಗಂಟೆ. ಜನ ಕರಗತೊಡಗಿದರು. ಕಾರ್ಯದರ್ಶಿ ಬಲಗಡೆಗೆ ಬಂದು ನಿಂತರು.

"ಇವತ್ತು ಎರಡನೇ ಭಾನುವಾರ. ಸಭೆ ಇಲ್ಲ ಅಂತ ಹೇಳ್ಬಿಟ್ಟಿದೀನಿ. ಆದ್ರೂ ಬಾಗ್ಲು ತೆಗ್ದು ಸ್ವಲ್ಪ ಹೊತ್ತು ಕೂತಿರೋಣ ಅಂತ ನಮ್ಮ ಆಸೆ. ಅಲ್ಲಿ ಅವರದ್ದೊಂದು ಡ್ರಾಯರ್ ಇದೆ. ಬರ್ತೀರಾ?"

"ಬೇಡಪ್ಪಾ," ಎಂದಳು ಮಗಳು. "ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ ನೀನು. ಇನ್ನೊಂದಿನ ಹೋದ್ರಾಯ್ತು."

"ಇನ್ನೊಂದಿನ ಇನ್ನೊಂದಿನ ಅಂತಲೇ ಇಪ್ಪತ್ತೆರಡು ವರ್ಷ ಆಯ್ತು ಮಗಳೇ," ಎಂದ ಆತ. ಕಾರ್ಯದರ್ಶಿಯ ಕಡೆ ತಿರುಗಿ, "ಬರ್ತೀನಿ," ಎಂದ.

ವಾಚನಾಲಯದ ಪಕ್ಕದ ಕಡಿದಾದ ಮೆಟ್ಟಿಲು. ಮೇಲೆ ಒಂದು ಉದ್ದನೆಯ ಕೋಣೆ, ಎರಡು ಕಿಟಕಿ, ಗೀರು ಬಿದ್ದ ದೊಡ್ಡ ಮೇಜು, ಗೋಡೆಗುಂಟ ಅಗಲವಾದ ಡ್ರಾಯರುಗಳ ಕಪಾಟು. ಅವಳು ಹೇಳಿದ ಹಾಗೆಯೇ ಇತ್ತು. ಆದರೆ ಆತ ಇನ್ನೂ ದೊಡ್ಡದು ಎಂದುಕೊಂಡಿದ್ದ. ಇಷ್ಟಕ್ಕಾ ನಾನು ಹೆದರಿದ್ದು ಎನಿಸಿತು.

ಕಾರ್ಯದರ್ಶಿ ಮೇಲಿನಿಂದ ಮೂರನೇ ಡ್ರಾಯರನ್ನು ಪೂರ್ತಿ ಎಳೆದು ಮೇಜಿನ ಮೇಲೆ ತಂದಿಟ್ಟರು. ರಟ್ಟಿನ ಸಣ್ಣ ಪೆಟ್ಟಿಗೆಗಳ ಸಾಲು. ಪ್ರತಿ ಪೆಟ್ಟಿಗೆಯಲ್ಲಿ ಒಂದು ಕಲ್ಲು, ಕಲ್ಲಿನ ಕೆಳಗೆ ಮಡಿಸದ ಚೀಟಿ. ಅವಳ ದುಂಡು ಅಕ್ಷರ. ತಂದವರು: ನಮ್ಮನೆಯವರು. ತಂದವರು: ನಮ್ಮನೆಯವರು. ಆತ ಬೆರಳಿಟ್ಟು ಓದುತ್ತ ಹೋದ. ಕೊನೆಯ ಸಾಲಿನಲ್ಲಿ ಒಂದು ಪೆಟ್ಟಿಗೆ ಖಾಲಿ ಇತ್ತು.

"ಇದ್ರ ಕಲ್ಲು ಬಿದ್ದುಹೋಗಿದ್ಯಾ?"

ಕನ್ನಡಕದಂಗಡಿಯವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆತ ಚೀಟಿ ಎತ್ತಿಕೊಂಡ. ಕಾಗದ ಹಳದಿಗಟ್ಟಿತ್ತು.

ಸ್ಫಟಿಕದ ಗವಿ.
ಜಾಗ: ನಮ್ಮೂರ ಗಣಿ, ಉತ್ತರದ ಗೋಡೆ.
ನೋಡಿದವರು: ನಮ್ಮನೆಯವರು.
ವಿವರ: ಅವರು ಹೇಳಿದ ಮೇಲೆ ಬರೆಯುವುದು.

ಆತ ಅದನ್ನು ಎರಡು ಸಲ ಓದಿದ. ಮೂರನೆಯ ಸಲ ಅಕ್ಷರ ಕಲಸಿಹೋದವು. ಮಗಳು ಕುರ್ಚಿ ಎಳೆದು ಕೂರಿಸಿದಳು.

"ಅವಳಿಗೆ ಗೊತ್ತಿತ್ತಾ?"

"ತಪ್ಪು ನಂದು," ಕನ್ನಡಕದಂಗಡಿಯವರು ತಿರುಗದೆಯೇ ಹೇಳಿದರು. "ಆ ಮದ್ದಿಡೋನು ಕನ್ನಡಕಕ್ಕೆ ಅಂತ ನನ್ನ ಅಂಗಡಿಗೆ ಬಂದಿದ್ದ. ಮಾತಿಗೆ ಮಾತು ಬಂದು ಹೇಳ್ದ. ನನ್ನ ಹೊಟ್ಟೇಲಿ ಒಂದು ಮಾತು ನಿಲ್ಲತ್ಯೇ? ಮುಂದಿನ ಸಭೇಲೇ ಅಕ್ಕನ ಹತ್ರ ಅಂದ್ಬಿಟ್ಟೆ."

"ಏನಂದ್ಲು? ಬೈದ್ಲಾ?"

"ಇಲ್ಲ. ಆವತ್ತು ಯಾವ ವಾರ ಅಂತ ಕೇಳಿದ್ರು. ಹೇಳ್ದೆ. 'ಓ, ನಾನು ಸ್ಕೂಲಲ್ಲಿ ಮಕ್ಕಳಿಗೆ ತೋರಿಸ್ತಿದ್ದ ದಿನ' ಅಂದ್ರು. 'ಗೇಟಿನ ಹತ್ರ ಸೈಕಲ್ ತಿರುಗಿಸ್ಕೊಂಡು ಹೋಗಿದ್ದು ಅವರೇ ಹಾಗಾದ್ರೆ' ಅಂದ್ರು."

ಆತ ಚೀಟಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ನಾನೇ ಕೇಳ್ದೆ," ಕಾರ್ಯದರ್ಶಿ ಮುಂದುವರಿಸಿದರು. "ನೀವೇ ಮಾತು ತೆಗೀಬಹುದಲ್ಲ ಅಂತ. ಬೇಡ ಅಂದ್ರು. 'ನಾನು ಕೇಳಿದ್ರೆ ಅವರು ತಪ್ಪು ಒಪ್ಕೊಂಡ ಹಾಗೆ ಹೇಳ್ತಾರೆ. ನನಗೆ ತಪ್ಪು ಬೇಡ, ಗವಿ ಬೇಕು. ಅವರಿಗೇ ಹೇಳ್ಬೇಕು ಅನಿಸಿದ ದಿನ ನೋಡಿದ್ದನ್ನ ನೋಡಿದ ಹಾಗೆ ಹೇಳ್ತಾರೆ. ಕಾಯ್ತೀನಿ' ಅಂದ್ರು. ಪ್ರತಿ ವರ್ಷ ಡ್ರಾಯರ್ ಒರೆಸೋವಾಗ ಆ ಪೆಟ್ಟಿಗೇನೂ ಒರೆಸಿ ಇಡ್ತಿದ್ರು."

ಆತ ಅಳಲಿಲ್ಲ. ಹದಿನೆಂಟು ವರ್ಷದ ಸಂಜೆಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಎಷ್ಟೋ ಸಲ ಅವಳು ಮಾತು ಮುಗಿಸಿ, "ಮತ್ತೆ? ನೀವು ಹೇಳಿ," ಎನ್ನುತ್ತಿದ್ದಳು. ಹಾಗೆಂದು ಆತನ ಮುಖವನ್ನೇ ನೋಡುತ್ತ ಒಂದಿಷ್ಟು ಹೊತ್ತು ಕೂರುತ್ತಿದ್ದಳು. ಆತ "ನಂದೇನಿರತ್ತೆ" ಎಂದು ಎದ್ದುಬಿಡುತ್ತಿದ್ದ.

"ಅಪ್ಪಾ, ಮನೆಗೆ ಹೋಗೋಣ ಬಾ," ಎಂದಳು ಮಗಳು.

"ಇರು." ಆತ ಕಾರ್ಯದರ್ಶಿಯ ಜೇಬಿನ ಕಡೆ ನೋಡಿದ. "ಬರ್ಕೊಳ್ತೀರಾ?"

ಕಾರ್ಯದರ್ಶಿ ಕುರ್ಚಿ ಎಳೆದುಕೊಂಡು ಕೂತರು. ಚೀಟಿಯನ್ನು ಮುಂದಿಟ್ಟುಕೊಂಡು ಪೆನ್ಸಿಲ್ ಹಿಡಿದರು. ದನಿ ಕಚೇರಿಯದಾಗಿತ್ತು. "ಅಳತೆಯಿಂದ ಶುರು ಮಾಡೋಣ. ಎಷ್ಟು ದೊಡ್ಡದಿತ್ತು?"

ಆತ ಎದ್ದು ಕೋಣೆಯನ್ನು ಒಮ್ಮೆ ಸುತ್ತ ನೋಡಿದ.

"ಇಷ್ಟೇ ಇತ್ತು. ಆ ಕಿಟಕಿಯಿಂದ ಈ ಬಾಗಿಲ ತನಕ. ಅಗಲ ಇನ್ನೂ ಸ್ವಲ್ಪ ಕಮ್ಮಿ. ನೀವು ಸ್ವಲ್ಪ ಹಿಂದಕ್ಕೆ... ಅಲ್ಲಲ್ಲ, ಅಲ್ಲಿ ನಿಂತ್ರೆ ಚುಚ್ಚತ್ತೆ. ಆ ಗೋಡೆ ಪೂರ್ತಿ ಗೇಣುದ್ದದ್ದು."

ಕನ್ನಡಕದಂಗಡಿಯವರು ಗಡಬಡಿಸಿ ಹಿಂದೆ ಸರಿದರು. ಅವರೂ ಡಾಕ್ಟರಮ್ಮನೂ ಸೇರಿ ಮೇಜನ್ನು ಮೂಲೆಗೆ ಎಳೆದರು, ಕುರ್ಚಿಗಳನ್ನು ಎತ್ತಿ ಒಂದರ ಮೇಲೊಂದು ಇಟ್ಟರು, ಕಪಾಟಿಗೆ ಬೆನ್ನು ಅಂಟಿಸಿಕೊಂಡು ನಿಂತರು. ನಡುವೆ ನೆಲವೆಲ್ಲ ಖಾಲಿಯಾಯಿತು. ಆತ ಕೈಯೆತ್ತಿ ತೋರಿಸುತ್ತ ಹೋದ. ಇಲ್ಲಿ ನೇರಳೆ, ಹತ್ತಿರ ಹೋದರೆ ಕಪ್ಪು ಅನ್ನಿಸುವಷ್ಟು. ಇಲ್ಲಿ ತಿಳಿ. ಅಗೋ ಅಲ್ಲಿ ಮೇಲೆ ಒಂದೇ ಒಂದು, ಉಳಿದವಕ್ಕೆಲ್ಲ ಅಡ್ಡಲಾಗಿ ಬೆಳೆದದ್ದು, ಅದರ ತುದಿಯಲ್ಲಿ ಒಂದು ಹನಿ ನೀರು. ಟಾರ್ಚ್ ಅಲುಗಿದರೆ ಆ ಹನಿಯೂ ಅಲುಗುತ್ತಿತ್ತು. ಆತನ ದನಿ ಏರಿತು. ಮಗಳು ಅಪ್ಪ ಇಷ್ಟು ಮಾತಾಡಿದ್ದನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪೆನ್ಸಿಲ್ ಚೀಟಿಯ ಒಂದು ಮಗ್ಗುಲು ತುಂಬಿಸಿ ಇನ್ನೊಂದಕ್ಕೆ ಹೊರಳಿತು.

"ಒಳಗೆ ಹೋಗೋದು ಹೇಗೆ?" ಎಂದು ಕೇಳಿದರು ಕಾರ್ಯದರ್ಶಿ.

"ಹೇಳೋಕೆ ಬರಲ್ಲ. ತೋರಿಸ್ತೀನಿ."

ಆತ ಬಾಗಿಲಿನಾಚೆಗೆ ಹೋದ. ಅಲ್ಲಿಂದ, ಮಂಡಿ ಮಡಿಸಿ, ಬೆನ್ನು ಬಗ್ಗಿಸಿ, ಮುಂದಿನ ಕೈಯಿಂದ ಗಾಳಿಯಲ್ಲೇ ಗೋಡೆ ಸವರುತ್ತ, ಒಂದೊಂದೇ ಹೆಜ್ಜೆ ಅಳೆದು ಇಡುತ್ತ ಒಳಗೆ ಬಂದ. ಇನ್ನೊಂದು ಕೈಯನ್ನು ಬೆನ್ನ ಹಿಂದಕ್ಕೆ ಚಾಚಿದ್ದ, ಅಂಗೈ ಬಿಚ್ಚಿ.

"ಮೆತ್ತಗೆ ಬಾ," ಎಂದ. "ತಲೆ ಬಗ್ಗಿಸು, ತಾಗತ್ತೆ."

ಪೆನ್ಸಿಲ್ ನಿಂತಿತು. ಹೊಸ್ತಿಲ ಬಳಿ ನಿಂತಿದ್ದ ಮಗಳು ಸದ್ದಾಗದಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.